ಸೋರುವ ಕಿವಿಗೆ ಪೊವಿಡೋನ್ ಅಯೋಡಿನ್ ಹನಿ: ಥೀಸಿಸ್‌ಗೆ ಗುಂಪಿಗೆ 30 ಜನ ಸಾಕೇ?

ಪಿಜಿ_ಇಎನ್‌ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎಸ್. ಮೊದಲ ವರ್ಷ, ಸಿನಾಪ್ಸಿಸ್ (ಥೀಸಿಸ್‌ನ ಯೋಜನಾ ಬರಹ) ಬರೆಯುವ ಹಂತ. ವಿಷಯ: ಮ್ಯೂಕೋಸಲ್ ಬಗೆಯ ಸಿಎಸ್‌ಒಎಂನಲ್ಲಿ (ತಮಟೆಯ ತೂತಿನಿಂದ ಬಹುಕಾಲ ಕೀವು ಸೋರುವ ನಡುಕಿವಿಯ ಸೋಂಕಿನಲ್ಲಿ) 0.3% ಸಿಪ್ರೊಫ್ಲಾಕ್ಸಸಿನ್ ಹನಿ ಮತ್ತು 5% ಪೊವಿಡೋನ್ ಅಯೋಡಿನ್ ಹನಿಗಳ ಹೋಲಿಕೆ.

ಈಗಿರುವ ಯೋಜನೆ: ಒಟ್ಟು 60 ರೋಗಿಗಳು. ಓಪಿಡಿ ಚೀಟಿ ಸಂಖ್ಯೆ ಬೆಸವಾದರೆ ಸಿಪ್ರೊ, ಸಮವಾದರೆ ಅಯೋಡಿನ್. 4 ಹನಿ, ದಿನಕ್ಕೆ ಮೂರು ಸಲ, 14 ದಿನ. ಎರಡೂ ಕಿವಿ ಸೋರುತ್ತಿದ್ದರೆ ಎರಡು ಎಂದು ಲೆಕ್ಕ. 14ನೇ ದಿನ ಕಿವಿ ಒಣಗಿದೆಯೇ ಎಂದು ನೋಡುವುದು, ಕೈ-ಸ್ಕ್ವೇರ್ (ಎರಡು ಗುಂಪಿನ ಗುಣದ ಪ್ರಮಾಣ ಹೋಲಿಸುವ ಪರೀಕ್ಷೆ) ಹಾಕುವುದು. ಪಿ 0.05ಕ್ಕಿಂತ ಹೆಚ್ಚು ಬಂದರೆ ಎರಡೂ ಸಮ ಎಂದು ತೀರ್ಮಾನ. ಕಲ್ಚರ್‌ನಲ್ಲಿ ಸಿಪ್ರೊಗೆ ರೆಸಿಸ್ಟೆಂಟ್ (ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ) ಬಂದವರನ್ನು ಕೈಬಿಡಬೇಕೆಂದಿದೆ. ಎಲ್ಲಿ ಎಡವುತ್ತೇನೆ, ಹೇಳಿ.

---

ಅಂಕಿಸಂಖ್ಯೆ_ಮೇಷ್ಟ್ರು:

ದೊಡ್ಡ ತೊಡಕು ಕೊನೆಯ ತೀರ್ಮಾನದಲ್ಲೇ ಇದೆ. ಪಿ 0.05 ದಾಟಿದರೆ "ವ್ಯತ್ಯಾಸ ಕಾಣಲಿಲ್ಲ" ಎಂದಷ್ಟೇ ಅರ್ಥ, "ವ್ಯತ್ಯಾಸ ಇಲ್ಲ" ಎಂದಲ್ಲ. ಗುಂಪಿಗೆ 30 ಜನ ಇಟ್ಟು ಎರಡರಲ್ಲೂ 80% ಗುಣವಾಯಿತು ಅಂದುಕೊಳ್ಳಿ. ಆ ವ್ಯತ್ಯಾಸದ 95% ವಿಶ್ವಾಸ ವ್ಯಾಪ್ತಿ (ನಿಜವಾದ ವ್ಯತ್ಯಾಸ ಇರಬಹುದಾದ ಹರವು) ಸುಮಾರು −20ರಿಂದ +20 ಶೇಕಡಾ ಅಂಶದವರೆಗೆ ಹರಡುತ್ತದೆ. ನೂರಕ್ಕೆ ಇಪ್ಪತ್ತು ಜನರಿಗೆ ಅಯೋಡಿನ್ ಕೆಲಸ ಮಾಡದಿದ್ದರೂ ನಿಮ್ಮ ಅಧ್ಯಯನದ ಕಣ್ಣಿಗೆ ಅದು ಬೀಳುವುದಿಲ್ಲ.

ಅಗ್ಗದ ಔಷಧ ದುಬಾರಿಯದಕ್ಕಿಂತ ಕಮ್ಮಿಯಿಲ್ಲ ಎಂದು ತೋರಿಸುವುದೇ ಉದ್ದೇಶವಾದರೆ ಅದು ನಾನ್-ಇನ್‌ಫೀರಿಯಾರಿಟಿ ಟ್ರಯಲ್. ಎಷ್ಟು ಕಡಿಮೆಯಾದರೆ ಸಹಿಸಬಹುದು ಎಂಬ ಅಂಚನ್ನು ಮೊದಲೇ ಬರೆದಿಡಬೇಕು. ಎರಡರಲ್ಲೂ 80% ಗುಣ, ಪವರ್ (ನಿಜಕ್ಕೂ ಕಮ್ಮಿಯಿಲ್ಲದಿದ್ದರೆ ಅದು ಸಾಬೀತಾಗುವ ಸಂಭವ) 80%, ಒಂದು ಬದಿಯ ಆಲ್ಫಾ (ಕಮ್ಮಿಯಿದ್ದರೂ ಕಮ್ಮಿಯಿಲ್ಲ ಎಂದುಬಿಡುವ ಸಂಭವ) 2.5% ಎಂದು ಹಿಡಿದರೆ:

ಅಂಚು 10 ಅಂಶ: ಗುಂಪಿಗೆ 252
ಅಂಚು 15 ಅಂಶ: ಗುಂಪಿಗೆ 112
ಅಂಚು 20 ಅಂಶ: ಗುಂಪಿಗೆ 63

ಶೇ. 15 ಜನ ನಡುವೆ ಬಿಟ್ಟುಹೋಗುತ್ತಾರೆ ಎಂದುಕೊಂಡರೆ 112 ಅನ್ನು 0.85ರಿಂದ ಭಾಗಿಸಿ, ಗುಂಪಿಗೆ 132. 20ರ ಅಂಚು ತೀರಾ ಸಡಿಲ, ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. 264 ಜನ ಸಿಗುವುದಿಲ್ಲ ಎಂದಾದರೆ "ಪೈಲಟ್ ಅಧ್ಯಯನ" ಎಂದೇ ಹೆಸರಿಡಿ. ಅದರಲ್ಲಿ ಅವಮಾನವೇನಿಲ್ಲ.

ಈ ಬಗೆಯ ಟ್ರಯಲ್‌ನಲ್ಲಿ ಇಂಟೆನ್ಶನ್-ಟು-ಟ್ರೀಟ್ ಲೆಕ್ಕವೊಂದೇ (ಹನಿ ಹಾಕಲಿ ಬಿಡಲಿ, ಸೇರಿದ ಗುಂಪಿನಲ್ಲೇ ಎಣಿಸುವುದು) ಸಾಲದು. ಹನಿ ಸರಿಯಾಗಿ ಹಾಕದವರು ಎರಡೂ ಗುಂಪಿನಲ್ಲಿ ಹೆಚ್ಚಿದಷ್ಟೂ ಫಲಿತಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅಂದರೆ ಕೆಲಸ ಕೆಟ್ಟಷ್ಟೂ "ಸಮ" ಎಂದು ಸಾಬೀತು ಮಾಡುವುದು ಸುಲಭ! ಪರ್-ಪ್ರೋಟೊಕಾಲ್ ಲೆಕ್ಕವೂ (ನಿಯಮದಂತೆ ಹನಿ ಹಾಕಿದವರದ್ದು ಮಾತ್ರ) ಅದೇ ದಿಕ್ಕಿನಲ್ಲಿ ಬರಬೇಕು.

ಬೆಸ-ಸಮ ಚೀಟಿ ರ‍್ಯಾಂಡಮೈಸೇಶನ್ ಅಲ್ಲ. ಚೀಟಿ ನೋಡಿದ ತಕ್ಷಣ ಮುಂದಿನ ರೋಗಿಗೆ ಯಾವ ಔಷಧ ಎಂದು ಗೊತ್ತಾಗುತ್ತದೆ, ಕೀವು ಜಾಸ್ತಿ ಇದ್ದವರನ್ನು ಕೈ ತಾನಾಗಿಯೇ ಸಿಪ್ರೊ ಕಡೆ ತಳ್ಳುತ್ತದೆ. ಕಂಪ್ಯೂಟರ್‌ನಲ್ಲಿ ಪಟ್ಟಿ ಮಾಡಿಸಿ, ಕ್ರಮಸಂಖ್ಯೆ ಹಾಕಿ, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಲಕೋಟೆಯಲ್ಲಿಟ್ಟು ಬೇರೆ ವಿಭಾಗದವರ ಕೈಗೆ ಕೊಡಿ. ಬ್ಲಾಕ್ (ಎರಡೂ ಔಷಧ ಸಮಸಂಖ್ಯೆಯಲ್ಲಿ ಬರುವ ಕಂತು) ಬರೀ 4ರದ್ದಾದರೆ ನಾಲ್ಕನೆಯದನ್ನು ಊಹಿಸಬಹುದು. 4, 6, 8 ಬೆರೆಸಿ.

ಒಬ್ಬನ ಎರಡು ಕಿವಿ ಎರಡು ಸ್ವತಂತ್ರ ಘಟಕಗಳಲ್ಲ. ಮೂಗು, ಅಡಿನಾಯ್ಡ್, ಸಕ್ಕರೆ ಕಾಯಿಲೆ, ಸ್ನಾನದ ಅಭ್ಯಾಸ ಎಲ್ಲ ಒಂದೇ. ಹೆಚ್ಚು ಕೆಟ್ಟ ಕಿವಿಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಳ ದಾರಿ.

---

ತಮಟೆ_ತೂತು:

ಮೇಷ್ಟ್ರು ಲೆಕ್ಕ ಹೇಳಿದರು, ನಾನು ಓಪಿಡಿ ಮೇಜಿನ ಮೇಲಿನದ್ದು ಹೇಳುತ್ತೇನೆ.

ಮೊದಲು ಬಣ್ಣ. ಅಯೋಡಿನ್ ಹಾಕಿದ ಕಿವಿನಾಳ ಕಂದು. ನೋಡುವವನಿಗೆ ಗುಂಪು ಗೊತ್ತಾಯಿತೆಂದರೆ "ಒಣಗಿದೆ" ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ. 13ನೇ ದಿನ ರಾತ್ರಿಗೆ ಹನಿ ನಿಲ್ಲಿಸಿ. 14ರ ಬೆಳಿಗ್ಗೆ ಒಬ್ಬರು ನಾಳವನ್ನು ಒರೆಸಿ ಶುಚಿ ಮಾಡಲಿ, ಆದರೆ ಅದಕ್ಕೂ ಮೊದಲು ಕೀವು ಇತ್ತೇ ಎಂದು ಅವರೇ ದಾಖಲಿಸಲಿ. ಇನ್ನೊಬ್ಬರು 0 ಡಿಗ್ರಿ ಎಂಡೋಸ್ಕೋಪ್ ಹಾಕಿ ನಡುಕಿವಿಯ ಲೋಳೆಪೊರೆ ನೋಡಲಿ. ಚಿತ್ರ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ಮೂರನೆಯವರಿಗೆ ತೋರಿಸಿದರೆ ಇನ್ನೂ ಉತ್ತಮ. ಹಾಗಿದ್ದೂ ರೋಗಿಯಿಂದ ಮುಚ್ಚಿಡಲಾಗದು, ದಿಂಬಿನ ಕಲೆಯೇ ಹೇಳಿಬಿಡುತ್ತದೆ. ಸಿನಾಪ್ಸಿಸ್‌ನಲ್ಲಿ "ಡಬಲ್ ಬ್ಲೈಂಡ್" (ರೋಗಿಗೂ ನೋಡುವವನಿಗೂ ಗುಂಪು ಗೊತ್ತಿಲ್ಲ) ಎಂದು ಬರೆಯಬೇಡಿ.

ಔಷಧದ ಪ್ರಮಾಣ: 4 ಹನಿ × 3 ಸಲ × 14 ದಿನ = 168 ಹನಿ. 20 ಹನಿಗೆ 1 ಮಿ.ಲೀ. ಎಂದರೆ 8.4 ಮಿ.ಲೀ. 5 ಮಿ.ಲೀ. ಬಾಟಲಿ ಒಂದೇ ಕೊಟ್ಟರೆ ಎಂಟು ದಿನಕ್ಕೆ ಖಾಲಿ, ಉಳಿದ ಆರು ದಿನ ಔಷಧವೇ ಇಲ್ಲ. ಇಬ್ಬರಿಗೂ ಎರಡೆರಡು ಕೊಡಿ. ಕೊಡುವಾಗ ತೂಗಿ, ವಾಪಸ್ ಬಂದಾಗ ತೂಗಿ. "ತಪ್ಪದೆ ಹಾಕಿದೆ ಡಾಕ್ಟ್ರೇ" ಎನ್ನುವುದಕ್ಕಿಂತ ತಕ್ಕಡಿ ನಂಬಿಕಸ್ತ.

5% ದ್ರಾವಣವನ್ನು ವಾರ್ಡಿನ 10% ಬಾಟಲಿಗೆ ಸಲೈನ್ ಸುರಿದು ಮಾಡಬೇಡಿ. ಒಂದೊಂದು ಸಲ ಒಂದೊಂದು ಸಾಂದ್ರತೆ ಬರುತ್ತದೆ, ಶುದ್ಧತೆಯೂ ಇರುವುದಿಲ್ಲ. ಕಣ್ಣಿಗೆಂದು ಬರುವ 5% ಸ್ಟೆರೈಲ್ ದ್ರಾವಣ ಇದೆ. ಕೈ ತೊಳೆಯುವ ಸ್ಕ್ರಬ್‌ನಲ್ಲಿ ಡಿಟರ್ಜೆಂಟ್ ಇರುತ್ತದೆ, ತಮಟೆಯಲ್ಲಿ ತೂತಿರುವ ಕಿವಿಗೆ ಅದು ಸಲ್ಲದು.

ಸಕ್ಷನ್ ಎರಡೂ ಗುಂಪಿಗೆ ಒಂದೇ ದಿನಗಳಲ್ಲಿ, ಒಂದೇ ಸಂಖ್ಯೆಯಲ್ಲಿ ಆಗಬೇಕು (0, 7, 14). ಕೀವು ತುಂಬಿದ ನಾಳದಲ್ಲಿ ಹನಿ ನಡುಕಿವಿಯವರೆಗೆ ಇಳಿಯುವುದೇ ಇಲ್ಲ. ಹಾಗೆಂದು ಒರೆಸುವುದೊಂದರಿಂದಲೇ ಗುಣವಾಗುತ್ತದೆ ಎಂದೂ ಅಲ್ಲ. 1996ರಲ್ಲಿ ಪ್ರಕಟವಾದ ಕೆನ್ಯಾದ ಶಾಲಾ ಮಕ್ಕಳ ಟ್ರಯಲ್‌ನಲ್ಲಿ ಬರೀ ಒರೆಸಿದವರಲ್ಲಿ 16 ವಾರಕ್ಕೆ 22% ಒಣಗಿತು, ಏನೂ ಮಾಡದವರಲ್ಲೂ 22%. ಆ್ಯಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಸೇರಿಸಿದವರಲ್ಲಿ 51%.

ಹನಿ ಹಾಕುವ ರೀತಿಯನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಮೊದಲ ಡೋಸ್ ಎದುರಿಗೇ ಹಾಕಿಸಿ. ಬಾಟಲಿಯನ್ನು ಮುಷ್ಟಿಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗೆ ಮಾಡಬೇಕು, ತಣ್ಣಗಿದ್ದರೆ ತಲೆ ಸುತ್ತುತ್ತದೆ. ಮಗ್ಗುಲಾಗಿ ಮಲಗಿ ಹನಿ ಬಿಟ್ಟು, ಕಿವಿಯ ಮುಂದಿನ ಮೃದ್ವಸ್ಥಿಯನ್ನು ನಾಲ್ಕೈದು ಸಲ ಒತ್ತಿ, ಐದು ನಿಮಿಷ ಹಾಗೇ ಇರಬೇಕು. ತಲೆಸ್ನಾನಕ್ಕೆ ವ್ಯಾಸಲೀನ್ ಹಚ್ಚಿದ ಹತ್ತಿ. ಮನೆಯಲ್ಲಿ ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಾರೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ ಬರೆದುಕೊಳ್ಳಿ.

ರೆಸಿಸ್ಟೆಂಟ್ ಬಂದವರನ್ನು ಕೈಬಿಡಬೇಡಿ. ಲ್ಯಾಬ್ ಕೊಡುವ ವರದಿ ರಕ್ತದಲ್ಲಿ ಔಷಧ ಎಷ್ಟು ಸೇರುತ್ತದೆ ಎಂಬ ಲೆಕ್ಕದ್ದು, ಸೋರುವ ಕಿವಿಯ ಬ್ಯಾಕ್ಟೀರಿಯಾ ಸೂಡೊಮೊನಾಸ್‌ಗೆ ಅದು ಮಿ.ಲೀ.ಗೆ ಒಂದೆರಡು ಮೈಕ್ರೊಗ್ರಾಂ ಮಟ್ಟದಲ್ಲಿದೆ. 0.3% ಹನಿಯಲ್ಲಿ ಮಿ.ಲೀ.ಗೆ 3000 ಮೈಕ್ರೊಗ್ರಾಂ ಇರುತ್ತದೆ. ಹಾಗಾಗಿ ವರದಿಯಲ್ಲಿ ರೆಸಿಸ್ಟೆಂಟ್ ಎಂದಿದ್ದರೂ ಹನಿ ಕೆಲಸ ಮಾಡಬಹುದು.

---

ಶ್ರವಣ_ಪರೀಕ್ಷೆ:

ಕಿವಿ ಒಣಗುವುದರ ಜೊತೆಗೆ ಒಳಕಿವಿ ಉಳಿಯಿತೇ ಎಂದೂ ನೋಡಬೇಕಲ್ಲ. 0 ಮತ್ತು 28ನೇ ದಿನ ಪ್ಯೂರ್ ಟೋನ್ ಆಡಿಯೋಗ್ರಾಮ್ ಮಾಡಿಸಿ, ಮುಖ್ಯವಾಗಿ ಬೋನ್ ಕಂಡಕ್ಷನ್ (ಮೂಳೆಯ ಮೂಲಕ ನೇರ ಒಳಕಿವಿಗೆ ಹೋಗುವ ಶಬ್ದ), 500ರಿಂದ 4000 ಹರ್ಟ್ಸ್. ಏರ್ ಕಂಡಕ್ಷನ್ (ಕಿವಿನಾಳದ ಮೂಲಕ ಹೋಗುವ ಶಬ್ದ) ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಕೀವು ಹೋದಂತೆ ಅದು ಸುಧಾರಿಸುತ್ತದೆ, ಒಳಕಿವಿಗೆ ಆದ ಪೆಟ್ಟನ್ನು ಮರೆಮಾಚುತ್ತದೆ. ಒಂದು ಆವರ್ತನದಲ್ಲಿ 20 ಡೆಸಿಬಲ್ ಅಥವಾ ಅಕ್ಕಪಕ್ಕದ ಎರಡರಲ್ಲಿ 10 ಡೆಸಿಬಲ್ ಕುಸಿದರೆ ಹನಿ ನಿಲ್ಲಿಸುವ ನಿಯಮವನ್ನು ಪ್ರೋಟೊಕಾಲ್‌ನಲ್ಲೇ ಬರೆಯಿರಿ. ಮಾಸ್ಕಿಂಗ್ (ಪರೀಕ್ಷಿಸದ ಕಿವಿಗೆ ಗದ್ದಲ ಕೊಟ್ಟು ಅದು ಕೇಳದಂತೆ ಮಾಡುವುದು) ಬಿಟ್ಟರೆ ಈ ಅಂಕಿಗಳೆಲ್ಲ ವ್ಯರ್ಥ. ಕೇಳುವ ಕಿವಿ ಅದೊಂದೇ ಆಗಿರುವವರನ್ನು ಸೇರಿಸಲೇಬೇಡಿ. ಅಯೋಡಿನ್ ಅಲರ್ಜಿ, ಥೈರಾಯ್ಡ್ ಕಾಯಿಲೆ, ಗರ್ಭಿಣಿಯರು ಕೂಡ ಹೊರಗೆ.

---

ಪಿಜಿ_ಇಎನ್‌ಟಿ:

ತುಂಬಾ ಧನ್ಯವಾದ. ಒಂದು ಅನುಮಾನ: 2003ರ ವೆಲ್ಲೂರಿನ ಅಧ್ಯಯನ ಇದೇ ಎರಡು ಔಷಧಗಳನ್ನು 40 ಜನರಲ್ಲಿ ಹೋಲಿಸಿ ವ್ಯತ್ಯಾಸವಿಲ್ಲ ಎಂದಿದೆಯಲ್ಲ. ಗೈಡ್ ಅದನ್ನೇ ಆಧಾರ ಮಾಡು ಎನ್ನುತ್ತಾರೆ. ಮತ್ತೆ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಥೀಸಿಸ್‌ಗೂ ಬೇಕೇ?

---

ಅಂಕಿಸಂಖ್ಯೆ_ಮೇಷ್ಟ್ರು:

ಆಧಾರ ಮಾಡಿ, ಆದರೆ 40 ಜನರ ಅಧ್ಯಯನಕ್ಕೂ ನಾನು ಮೇಲೆ ಹೇಳಿದ ಮಾತೇ ಅನ್ವಯಿಸುತ್ತದೆ. ಪಕ್ಕದಲ್ಲೇ 2005ರ ಕೆನ್ಯಾದ ಟ್ರಯಲ್ ಇಡಿ. 427 ಮಕ್ಕಳು, ಸಿಪ್ರೊಗೆ ಎದುರಾಗಿ ಆಲ್ಕೋಹಾಲ್‌ನಲ್ಲಿ ಬೋರಿಕ್ ಆಸಿಡ್. ಎರಡು ವಾರಕ್ಕೆ ಸಿಪ್ರೊದಲ್ಲಿ 59%, ಬೋರಿಕ್‌ನಲ್ಲಿ 32% ಗುಣ. ಬೋರಿಕ್ ಬೇರೆ, ಅಯೋಡಿನ್ ಬೇರೆ, ಒಪ್ಪೋಣ. ಆದರೆ ಆ್ಯಂಟಿಸೆಪ್ಟಿಕ್ ಅಂದರೆ ಸಾಕು, ಆ್ಯಂಟಿಬಯಾಟಿಕ್‌ಗೆ ಸಮ ಎಂದು ಮೊದಲೇ ನಂಬಿ ಕೂರಬಾರದು ಎನ್ನುವುದಕ್ಕೆ ಇಷ್ಟು ಸಾಕು.

---

ತಮಟೆ_ತೂತು:

ಸಿಟಿಆರ್‌ಐ ಬೇಕೇ ಬೇಕು, ಮೊದಲ ರೋಗಿಯನ್ನು ಸೇರಿಸುವ ಮುಂಚೆ. 2018ರ ಏಪ್ರಿಲ್ 1ರಿಂದ ಹಿಂದಿನ ದಿನಾಂಕದ ನೋಂದಣಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ಎಥಿಕ್ಸ್ ಕಮಿಟಿ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ, ಪ್ರಶ್ನೆ ಕೇಳಿ ವಾಪಸ್ ಕಳಿಸುವುದು ಮಾಮೂಲು.

ಇನ್ನೊಂದು. ಕಣ್ಣಿನ ಔಷಧ ಕಿವಿಗೆ ಹಾಕುವುದೆಂದರೆ ಕೊಡುವ ಮಾರ್ಗವೇ ಹೊಸದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದಕ್ಕೆ ಅಕಾಡೆಮಿಕ್ ಟ್ರಯಲ್ ಎಂಬ ದಾರಿ ಇದೆ. ಮಾರಾಟದ ಪರವಾನಗಿಗೆ ಬಳಸದ ಅಧ್ಯಯನವಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಾಕು. ಕಮಿಟಿಗೆ ಅನುಮಾನ ಬಂದರೆ ಕೇಂದ್ರ ಔಷಧ ಪರವಾನಗಿ ಪ್ರಾಧಿಕಾರಕ್ಕೆ ಬರೆಯುತ್ತದೆ, 30 ದಿನದಲ್ಲಿ ಉತ್ತರ ಬರದಿದ್ದರೆ ಅನುಮತಿ ಬೇಕಿಲ್ಲ ಎಂದೇ ಲೆಕ್ಕ. ವೇಳಾಪಟ್ಟಿಯಲ್ಲಿ ಆ ತಿಂಗಳನ್ನು ಈಗಲೇ ಸೇರಿಸಿಕೊಳ್ಳಿ.

ಹನಿಯ ನಂತರ ಕಿವಿಯಲ್ಲಿ ಬೂಷ್ಟು ಕಂಡರೆ ಅದು ಸೋಲೋ, ಅಡ್ಡಪರಿಣಾಮವೋ? ಇದನ್ನೂ ಸಿನಾಪ್ಸಿಸ್‌ನಲ್ಲೇ ತೀರ್ಮಾನಿಸಿ ಬರೆಯಿರಿ. ಸಿಪ್ರೊ ಗುಂಪಿನಲ್ಲಿ ಅದು ಹೆಚ್ಚು ಬರುವ ಸಾಧ್ಯತೆ ಇದೆ, ಆಮೇಲೆ ನಿರ್ಧರಿಸಿದರೆ ಅಯೋಡಿನ್ ಪರ ವಾಲಿದಿರಿ ಎನ್ನುತ್ತಾರೆ.