32 ಡಿಗ್ರಿ ಮತ್ತು ಅಜ್ಜಿಯ ಹಂಡೆ

ನಮ್ಮ ‘ಕಟಪಾಡಿ ಮನೆ’ ಗುಂಪಿಗೆ ನಾನು ಅಡ್ಮಿನ್. ಅಂದರೆ ಜಗಳ ನೋಡುವುದಕ್ಕೆ ಮುಂದಿನ ಸಾಲಿನ ಕುರ್ಚಿ. ಮೊನ್ನೆ ಬೆಳಿಗ್ಗೆ 5.50ಕ್ಕೆ ಶುರುವಾದದ್ದು ಹೀಗೆ.

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ! ಇಂದು ರಾತ್ರಿ 32 ಡಿಗ್ರಿ. ಚಟ್ಟಿ ಗಿಡಗಳನ್ನು ಒಳಗಿಡಿ. ನೆಲದ ಗಿಡಕ್ಕೆ ಸಂಜೆಯೇ ನೀರು ಬಿಟ್ಟು, ಹಳೆ ಚಾದರ ನೆಲ ಮುಟ್ಟುವ ಹಾಗೆ ಹೊದಿಸಿ. ಪ್ಲಾಸ್ಟಿಕ್ ಎಲೆಗೆ ತಾಗಬಾರದು. ಬಿಸಿಲು ಬಂದ ಮೇಲೆ ತೆಗೆಯಿರಿ. ಎಲ್ಲ ಗುಂಪಿಗೂ ಕಳಿಸಿ.

ದೊಡ್ಡಪ್ಪ: ಮಲ್ಲಿಗೆ ಯಾಕೆ ಕಡಿಮೆ ಆದದ್ದು ಅಂತ ಈಗ ಗೊತ್ತಾಯ್ತಲ್ಲ? ನಾನು ಮೊದಲೇ ಹೇಳಿದ್ದೆ.

ಪ್ರಸಾದ: ದೊಡ್ಡಪ್ಪ, 32 ಅಂದ್ರೆ ಇಲ್ಲಿ ಮಧ್ಯಾಹ್ನದ ಸೆಖೆ. ಅದಕ್ಕೆ ಚಾದರ ಎಂತಕ್ಕೆ? ಯಾರು ಬರೆದದ್ದು ಇದು? ಸೋರ್ಸ್ ಕಳಿಸಿ.

ಸುಜಾತತ್ತೆ: ಅಜ್ಜನ ತಿಥಿಗೆ ಬರ್ಲಿಕ್ಕೆ ಪುರುಸೊತ್ತಿಲ್ಲ, ಸೋರ್ಸ್ ಕೇಳ್ಲಿಕ್ಕೆ ಉಂಟು.

ದೊಡ್ಡಪ್ಪ: ಹಿರಿಯರ ಮಾತು ಕೇಳುವ ಕಾಲ ಹೋಯ್ತು. ತುಳಸಿಗೆ ಒಂದು ತಂಬಿಗೆ ನೀರು ಹಾಕಿ ಗೊತ್ತಿಲ್ಲದವರು ಹವಾಮಾನ ಹೇಳ್ತಾರೆ.

ದೊಡ್ಡಮ್ಮ: ಧನು ತಿಂಗಳಲ್ಲಿ ಮಲ್ಲಿಗೆ ಯಾವಾಗ ಹೆಚ್ಚಿತ್ತು? ಚಳಿಗೆ ಮೊಗ್ಗು ಕಮ್ಮಿ, ಕ್ರಯ ಹೆಚ್ಚು. 4 ಚೆಂಡು ಕಟ್ಟಿ ಒಂದು ಅಟ್ಟೆ ಮಾಡುವಷ್ಟರಲ್ಲಿ ನನ್ನ ಸೊಂಟ ಹೋಗ್ತಿತ್ತು. ಆಗ ಯಾರೂ ಎಚ್ಚರ ಅನ್ಲಿಲ್ಲ.

ರಘು: ಚಳಿ ಅಂದ್ರೆ ಅಜ್ಜಿಮನೆ ಬಚ್ಚಲೊಲೆ ಮಾರಾಯ್ರೆ! ಕೆಂಡದಲ್ಲಿ ಗೆಣಸು ಸುಡ್ತಿದ್ದದ್ದು ನೆನಪುಂಟಾ? ಆ ತಾಮ್ರದ ಹಂಡೆ ಈಗ ಎಲ್ಲುಂಟು?

ನಾಲ್ಕು ನಿಮಿಷ ಗುಂಪು ಮೌನ. ಚಿಕ್ಕಮ್ಮ ಟೈಪ್ ಮಾಡುತ್ತಾರೆ, ನಿಲ್ಲಿಸುತ್ತಾರೆ, ಪುನಃ ಮಾಡುತ್ತಾರೆ.

ಚಿಕ್ಕಮ್ಮ: ಹಂಡೆ ನಾವು ಕೇಳಿಯೇ ತಕೊಂಡದ್ದು.

ಸುಜಾತತ್ತೆ: ಯಾರ ಹತ್ರ ಕೇಳಿದ್ದು?

ಅಷ್ಟರಲ್ಲಿ ನ್ಯೂಜೆರ್ಸಿಯಿಂದ ವಿದ್ಯಾ ಬಂದಳು. ಅಲ್ಲಿ ಹಿಂದಿನ ದಿನದ ಸಂಜೆ.

ವಿದ್ಯಾ: ಅಯ್ಯೋ, ಅದು ನಾನು ಬರೆದದ್ದು! ಅಕ್ಟೋಬರಿನಲ್ಲಿ, ಇಲ್ಲಿಯ ಕನ್ನಡದವರ ಗುಂಪಿಗೆ. 32 ಫ್ಯಾರನ್‌ಹೀಟ್, ಅಂದ್ರೆ ನಿಮ್ಮ 0. ಎಲೆಯೊಳಗಿನ ನೀರೇ ಗಡ್ಡೆ ಕಟ್ಟಿ, ಬೆಳಿಗ್ಗೆ ಗಿಡ ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ಜೋತು ಬೀಳ್ತದೆ. ಚಾದರ ಬಿಸಿ ಕೊಡುವುದಲ್ಲ, ನೆಲದಿಂದ ಏಳುವ ಬಿಸಿ ಮೇಲೆ ಹೋಗದ ಹಾಗೆ ತಡೆಯುವುದು. ಒದ್ದೆ ಮಣ್ಣಾದ್ರೆ ಹಗಲಿನ ಬಿಸಿ ಹೆಚ್ಚು ಹಿಡಿದಿಡ್ತದೆ, ಅದಕ್ಕೇ ನೀರು.

ಪ್ರಸಾದ: ನಾನು ಹೇಳಿದ್ದೂ ಅದೇ.

ದೊಡ್ಡಪ್ಪ: ನೀನು ಫ್ಯಾರನ್‌ಹೀಟ್ ಅಂದದ್ದು ಎಲ್ಲಿ? ಮೇಲೆ ನೋಡು. ಬರೆದದ್ದು ವಿದ್ಯಾ ಅಂತ ನನಗೆ ಗೊತ್ತಿದ್ದರೆ ಇಷ್ಟು ಮಾತೇ ಬರ್ತಿರಲಿಲ್ಲ. ಅವಳು ಓದಿದವಳು.

ಪ್ರಸಾದನೂ ಓದಿದವನೇ. ಆದರೆ ಅವನು ಇರುವುದು ಸುರತ್ಕಲ್‌ನಲ್ಲಿ.

ರಘು: ಊಟಿಯಲ್ಲಿಯೂ ಹಿಮ ಬಿದ್ದು ಚಹಾ ಗಿಡ ಕರಟುವುದುಂಟು. ನಾವು ಹೋದ ವರ್ಷ ವ್ಯಾನ್ ಹಾಳಾಗಿ...

ಸುಜಾತತ್ತೆ: ಹಂಡೆ ಯಾರ ಹತ್ರ ಕೇಳಿದ್ದು ಅಂತ ಯಾರೂ ಹೇಳ್ಲಿಲ್ಲ.

ದೊಡ್ಡಮ್ಮ: ಅದು ಆಮೇಲೆ. ನನ್ನ ಹೊಸ ಚಾದರ ಮಲ್ಲಿಗೆ ಗಿಡದ ಮೇಲೆ ಹಾಕಿದ್ದು ಯಾರು? ಪೂರಾ ಇಬ್ಬನಿಗೆ ಚಂಡಿ!

ದೊಡ್ಡಪ್ಪ ಆನ್‌ಲೈನ್ ಇದ್ದರು. ಉತ್ತರ ಇಲ್ಲ.

ಎರಡು ವರ್ಷದಿಂದ ಗುಂಪಿನಲ್ಲಿ ಒಂದಕ್ಷರ ಬರೆಯದ ಚಿಕ್ಕಪ್ಪ ಮಧ್ಯಾಹ್ನ ಬರೆದರು: ಹಂಡೆ ಬೇಕಾದವರು ಬಂದು ಕೊಂಡುಹೋಗಿ. ಅಡಿ ತೂತು.