ಕುಕಡಿ ದಂಡೆಯ ಕಲ್ಲು: ಕೈಗೊಡಲಿಯೋ, ಸುಮ್ಮನೆ ಒಡೆದದ್ದೋ?

ಜುನ್ನರ್ ತಿರುಗಾಡಿ: ಪುಣೆಯಿಂದ ಜುನ್ನರ್ ಕಡೆಯ ಬೋರಿ ಹಳ್ಳಿಗೆ ಹೋಗಿದ್ದಾಗ ಕುಕಡಿ ನದಿಯ ದಂಡೆಯಲ್ಲಿ ಈ ಕಲ್ಲು ಸಿಕ್ಕಿತು. ಅಂಗೈಯಗಲ, ಕಪ್ಪು ಬಸಾಲ್ಟ್, ಒಂದು ತುದಿ ಚೂಪು, ಇನ್ನೊಂದು ದುಂಡು. ಹಿಡಿದರೆ ಕೈಗೆ ಹೇಳಿ ಮಾಡಿಸಿದಂತಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವದವರು ಇದೇ ಬೋರಿಯಲ್ಲಿ ಜ್ವಾಲಾಮುಖಿ ಬೂದಿಯ ಪದರದೊಂದಿಗೆ ಹಳೆ ಶಿಲಾಯುಗದ ಉಪಕರಣಗಳನ್ನು ಪತ್ತೆ ಮಾಡಿದ್ದಾರೆ. ಇದು ಕೈಗೊಡಲಿ, ಅಂದರೆ ಆದಿಮಾನವ ಕೆತ್ತಿ ಕೈಯಲ್ಲೇ ಹಿಡಿದು ಬಳಸುತ್ತಿದ್ದ ಕಲ್ಲಿನ ಉಪಕರಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಚಿಂಚವಡದ ಜಲ್ಲಿ ಗುತ್ತಿಗೆದಾರ: ಕೈಗೆ ಹೊಂದುವುದೇ ಸಾಕ್ಷಿಯಾದರೆ ನಮ್ಮ ಕ್ರಷರ್ ಬಳಿ ಬನ್ನಿ, ಒಂದು ಟಿಪ್ಪರ್ ತುಂಬ ಕೈಗೊಡಲಿ ಕೊಡುತ್ತೇನೆ. ರೈಲು ಹಳಿಯ ಜಲ್ಲಿಯಲ್ಲೂ ಬೇಕಾದಷ್ಟಿವೆ.

ನಿವೃತ್ತ ಭೂವಿಜ್ಞಾನ ಮೇಷ್ಟ್ರು: ಗುತ್ತಿಗೆದಾರರ ಮಾತು ತಮಾಷೆಯಲ್ಲ. 1905ರಲ್ಲಿ ಫ್ರಾನ್ಸಿನ ಪಳೆಯುಳಿಕೆ ತಜ್ಞ ಮಾರ್ಸೆಲಿನ್ ಬೂಲ್ ಸಿಮೆಂಟ್ ಕಾರ್ಖಾನೆಯೊಂದಕ್ಕೆ ಹೋಗಿ, ಸುಣ್ಣಮಣ್ಣು ಕಲಸುವ ಯಂತ್ರದಲ್ಲಿ ಸಿಕ್ಕ ಚಕಮಕಿ ಕಲ್ಲುಗಳು ಆದಿಮಾನವನದೆಂದು ಹೇಳಲಾಗುತ್ತಿದ್ದ ‘ಉಪಕರಣ’ಗಳಂತೆಯೇ ಒಡೆಯುವುದನ್ನು ತೋರಿಸಿದರು. ಪೆಟ್ಟು ಬಿದ್ದ ಕಡೆ ಚಕ್ಕೆಯ ಮೇಲೆ ಉಬ್ಬು, ಅಲ್ಲಿಂದ ಹರಡಿದ ಅಲೆಗೆರೆಗಳು, ಉಳಿದ ಕಲ್ಲಿನಲ್ಲಿ ಅದಕ್ಕೆ ಸರಿಯಾದ ತಗ್ಗು: ಇವು ಜೋರಾದ ಪೆಟ್ಟು ಬಿದ್ದಿದೆ ಎನ್ನುತ್ತವೆ, ಹೊಡೆದವರು ಯಾರೆಂದು ಹೇಳುವುದಿಲ್ಲ. ನೋಡಬೇಕಾದದ್ದು ಕ್ರಮವನ್ನು. ಮೊದಲ ಚಕ್ಕೆ ತೆಗೆದ ತಗ್ಗಿನ ಮೇಲೆಯೇ ಎರಡನೆಯ ಪೆಟ್ಟು, ಆಮೇಲೆ ಕಲ್ಲು ಮಗುಚಿ ಅದೇ ಅಂಚಿಗೆ ಮೂರನೆಯದು. ಪ್ರವಾಹ ಹೀಗೆ ಯೋಚಿಸಿ ಹೊಡೆಯುವುದಿಲ್ಲ. ಬಾರ್ನ್ಸ್ ಎಂಬ ಸಂಶೋಧಕರು 1939ರಲ್ಲಿ ಅಂಚಿನ ಕೋನಗಳನ್ನೇ ಅಳೆದರು: ಮನುಷ್ಯ ಮಾಡಿದ್ದರಲ್ಲಿ 90 ಡಿಗ್ರಿ ಅಥವಾ ಅದಕ್ಕೂ ಮೊಂಡಾದ ಕೋನಗಳು ಶೇ. 25ಕ್ಕಿಂತ ಕಡಿಮೆ.

ಪುರಾತತ್ತ್ವ ವಿದ್ಯಾರ್ಥಿನಿ, ಯೆರವಡಾ: ಮೇಷ್ಟ್ರೇ, ಕ್ರಮದ ಮಾತನ್ನು ಒಪ್ಪುತ್ತೇನೆ, ಶೇಕಡಾ ಲೆಕ್ಕವನ್ನು ಒಪ್ಪುವುದಿಲ್ಲ. ಅದು ಒಂದೆಡೆ ಸಿಕ್ಕ ರಾಶಿಗೆ ಸಲ್ಲುವ ಅಳತೆ. ಒಂಟಿ ಕಲ್ಲಿಗೆ ಹಚ್ಚುವುದು ಹೇಗೆ? ಅಲ್ಲದೆ ಈ ಪರೀಕ್ಷೆಗಳೆಲ್ಲ ಗಾಜಿನಂತೆ ನುಣುಪಾಗಿ ಒಡೆಯುವ ಯುರೋಪಿನ ಚಕಮಕಿ ಕಲ್ಲಿನ ಮೇಲೆ ಬೆಳೆದವು. ನಮ್ಮ ಬಸಾಲ್ಟ್ ತರಿತರಿ, ಉಬ್ಬು ಮಸುಕು, ಮೇಲ್ಮೈ ಬೇರೆ ಶಿಥಿಲ. ಉಬ್ಬು ಕಾಣಲಿಲ್ಲವೆಂದು ಎಸೆಯುತ್ತಾ ಹೋದರೆ ದಖ್ಖನಿನ ನಿಜವಾದ ಉಪಕರಣಗಳೂ ಜಲ್ಲಿರಾಶಿ ಸೇರುತ್ತವೆ.

ಮೇಷ್ಟ್ರು: ಅದು ಸರಿಯೇ. ಆದರೆ ಅದೇ ಬಸಾಲ್ಟ್ ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿಯೂ ಕಳಚುತ್ತದೆ. ಆ ಬಾಗಿದ ಚಿಪ್ಪುಗಳಲ್ಲಿ ಪೆಟ್ಟಿನ ಜಾಗವೇ ಇರುವುದಿಲ್ಲ. ಅದನ್ನೂ ಚಕ್ಕೆ ಎಂದು ತರುವವರನ್ನು ಕಂಡು ಸಾಕಾಗಿದೆ.

ಕಾಂದಿವಲಿ ಕನ್ನಡಿಗ: ಮುಂಬೈಯನ್ನೇ ಮರೆತಿರಲ್ಲ! ನಮ್ಮ ಕಾಂದಿವಲಿಯ ಶಿಲಾಯುಗದ ಬಗ್ಗೆ ಟಾಡ್ ಎಂಬ ಸಂಶೋಧಕರು 1939ರಲ್ಲೇ ಬರೆದಿದ್ದಾರೆ. ಇಂದು ಆ ಕಡೆಯೆಲ್ಲ ಕಟ್ಟಡಗಳು. ಅಂದ ಹಾಗೆ, ಬ್ರೆಜಿಲಿನ ಕ್ಯಾಪುಚಿನ್ ಮಂಗಗಳು ಕಲ್ಲಿಗೆ ಕಲ್ಲು ಕುಟ್ಟಿ ಚೂಪಾದ ಚಕ್ಕೆಗಳನ್ನು ಎಬ್ಬಿಸುತ್ತವೆಂದು 2016ರಲ್ಲಿ ವರದಿಯಾಯಿತು. ಈಗ ಏನೆನ್ನುತ್ತೀರಿ?

ವಿದ್ಯಾರ್ಥಿನಿ: ಮಂಗಗಳು ಆ ಚಕ್ಕೆಗಳನ್ನು ಬಳಸುವುದು ಕಂಡುಬಂದಿಲ್ಲ. ಎರಡೂ ಮುಖ ಕೆತ್ತಿ ಕೈಗೊಡಲಿ ಮಾಡುವ ಮಾತಂತೂ ದೂರ. ತಿರುಗಾಡಿಯವರೇ, ನಿಮ್ಮ ಕಲ್ಲಿನ ಹಿಂಬದಿ ಹೇಗಿದೆ?

ಜುನ್ನರ್ ತಿರುಗಾಡಿ: ಹಿಂಬದಿ ನದಿಕಲ್ಲಿನ ನುಣುಪು. ಮುಂಬದಿಯಲ್ಲಿ ಮೂರು ತಗ್ಗು. ಎರಡು ಕಂದು, ಚೂಪು ತುದಿಯಲ್ಲಿರುವ ಒಂದು ಮಾತ್ರ ಕಪ್ಪಗೆ, ಹೊಸದಾಗಿ ಒಡೆದಂತೆ.

ಗುತ್ತಿಗೆದಾರ: ನೋಡಿ! ಚೂಪು ಮಾಡಿದ್ದು ಟ್ರಾಕ್ಟರ್.

ಮೇಷ್ಟ್ರು: ಬಣ್ಣ ಬೇರೆಯೆಂದರೆ ಕಾಲ ಬೇರೆ. ನೀವು ಮೆಚ್ಚಿದ ಆ ತುದಿ ಉಳಿದೆರಡರ ಜತೆ ಆದದ್ದಲ್ಲ. ಹಿಂಬದಿಗೆ ಒಂದು ಪೆಟ್ಟೂ ಬಿದ್ದಿಲ್ಲವಾದ್ದರಿಂದ ಕೈಗೊಡಲಿಯ ಮಾತು ಬಿಡಿ.

ವಿದ್ಯಾರ್ಥಿನಿ: ಕಂದು ತಗ್ಗುಗಳೆರಡು ಅಕ್ಕಪಕ್ಕ ಒಂದೇ ಅಂಚಿನಿಂದ ಎದ್ದಿದ್ದರೆ ಒಂದು ಮುಖ ಮಾತ್ರ ಕೆತ್ತಿದ ಕಡಿಗಲ್ಲು ಆಗಿರಲೂಬಹುದು. ಸಿಕ್ಕಿದ್ದು ಯಾವ ಪದರದಲ್ಲಿ?

ಜುನ್ನರ್ ತಿರುಗಾಡಿ: ಪದರದಲ್ಲಲ್ಲ, ದಂಡೆಯ ರಸ್ತೆ ಬದಿಗೆ ಸುರಿದಿದ್ದ ಕಲ್ಲುರಾಶಿಯಲ್ಲಿ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಗುತ್ತಿಗೆದಾರ: ಆ ರಾಶಿ ಯಾರು ಸುರಿದದ್ದೆಂದು ವಿಚಾರಿಸಿ ಹೇಳುತ್ತೇನೆ.

ವಿದ್ಯಾರ್ಥಿನಿ: ಲಾರಿ ಎಲ್ಲಿಂದ ತುಂಬಿತೆಂಬುದನ್ನೂ ವಿಚಾರಿಸಿ. ನದಿಯ ಹಳೆಯ ಜಲ್ಲಿಪದರದಿಂದ ಬಗೆದದ್ದಾದರೆ ಆ ಜಾಗ ನೋಡಲೇಬೇಕು. ಯಾರೇ ಹೋದರೂ ಏನನ್ನೂ ಎತ್ತಿಕೊಂಡು ಬರಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎರಡೂ ಮುಖಗಳ ಫೋಟೊ ತೆಗೆದು, ಸ್ಥಳ ಗುರುತಿಸಿ ಕಳುಹಿಸಿ.