ಸಹಾಯ ಬೇಕು: ಹಳೆಯ ಅಲ್ಯೂಮಿನಿಯಂ ಮೋಟಾರು ದೋಣಿಯ ದುರಸ್ತಿ

ಎಲ್ಲರಿಗೂ ನಮಸ್ಕಾರ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ನಮ್ಮ ತಂದೆಯವರು ಬಳಸುತ್ತಿದ್ದ, ಹದಿನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ಮೋಟಾರು ದೋಣಿಯನ್ನು ಹಾಸನದ ನಮ್ಮ ಮನೆಯ ಹಿತ್ತಲಿನಲ್ಲಿ ಇರಿಸಿಕೊಂಡು, ರಜೆಯ ದಿನಗಳಲ್ಲಿ ನಾನೇ ದುರಸ್ತಿ ಮಾಡುತ್ತಿದ್ದೇನೆ.

ದೋಣಿಯನ್ನು ಮರದ ದಿಮ್ಮಿಗಳ ಮೇಲಿಟ್ಟು ಒಳಗೆ ನೀರು ತುಂಬಿಸಿದಾಗ, ತಳದಲ್ಲಿ ತಗಡುಗಳನ್ನು ಜೋಡಿಸಿ ಹಿಡಿದಿರುವ ಹನ್ನೊಂದು ರಿವೆಟ್‌ಗಳ ಬುಡದಲ್ಲಿ ಹನಿ ಕಟ್ಟಿತು. ಅವನ್ನೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿದ್ದೇನೆ. ಅದಕ್ಕಿಂತ ಹೆಚ್ಚು ಚಿಂತೆಯಾಗಿರುವುದು ಹಿಂಬದಿಯ, ಎಂಜಿನ್ ಕೂರುವ ಹಲಗೆಯ ಬಗ್ಗೆ. ಅಲ್ಲಿ ಹಿಂದೊಮ್ಮೆ ಹಾಕಿದ್ದ ಸ್ಟೀಲ್ ಸ್ಕ್ರೂಗಳ ಸುತ್ತ ಬಿಳಿಯ ಪುಡಿ ಕಟ್ಟಿದ್ದು, ಉಗುರಿನಿಂದ ಕೆರೆದರೆ ತಗಡೇ ಉದುರುತ್ತದೆ. ಎರಡು ಬೇರೆ ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚಿನ ಶಾಖ ಬೇಕಾಗುವುದರಿಂದ, ತೆಳುವಾದ ತಗಡನ್ನು ಸಾಮಾನ್ಯ ವೆಲ್ಡಿಂಗ್‌ಗೆ ಒಪ್ಪಿಸಲು ನನಗೆ ಧೈರ್ಯವಿಲ್ಲ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಎ.ಸಿ. ಟಿಗ್ ವೆಲ್ಡಿಂಗ್ (ಪರ್ಯಾಯ ವಿದ್ಯುತ್ತಿನಿಂದ ಆ ಪೊರೆಯನ್ನು ಒಡೆಯುತ್ತಾ, ಜಡ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಬಲ್ಲ ನುರಿತವರು ಯಾರಾದರೂ ಇದ್ದಾರೆಯೇ? ಸಡಿಲವಾದ ರಿವೆಟ್‌ಗಳನ್ನು ಮತ್ತೆ ಬಡಿದು ಬಿಗಿ ಮಾಡಿದರೆ ಸಾಕೇ, ಅಥವಾ ಹೊಸ ಗಟ್ಟಿ ರಿವೆಟ್‌ಗಳನ್ನೇ ಹಾಕಬೇಕೇ? ತಾಮ್ರ ಬೆರೆತ ಬಣ್ಣ ಅಲ್ಯೂಮಿನಿಯಂಗೆ ಹಾನಿಕರವಾದ್ದರಿಂದ, ತಳಕ್ಕೆ ಯಾವ ಪ್ರೈಮರ್ ಬಳಸಿದಿರಿ ಎಂಬುದನ್ನೂ ಅನುಭವವಿರುವವರು ದಯವಿಟ್ಟು ತಿಳಿಸಿ.

ಮಳೆಗಾಲಕ್ಕೆ ಮೊದಲು ತಳದ ಕೆಲಸವನ್ನಾದರೂ ಮುಗಿಸಬೇಕಾಗಿದೆ.